ಸ್ವಯಂಸೇವಕ ಪೈಲಟ್‌ಗಳ ಸೇಫ್ಟಿ ಸ್ಟ್ಯಾಂಡ್‌ಡೌನ್: ಹಾರಾಟ ನಿಲ್ಲಿಸಿದ ದಿನಗಳಲ್ಲಿ ಏನು ಮಾಡಬೇಕು, ಮತ್ತೆ ಶುರು ಮಾಡುವುದು ಹೇಗೆ?

ಮುಂಗಾರುಮೋಡ (ಸೇಫ್ಟಿ ಆಫೀಸರ್, ಕೊಲೊರಾಡೊ)

ಅಮೆರಿಕದ ವಾಯುಪಡೆಗೆ ನೆರವಾಗುವ ಸ್ವಯಂಸೇವಕ ಸಂಸ್ಥೆ ಸಿವಿಲ್ ಏರ್ ಪ್ಯಾಟ್ರೋಲ್‌ನ (ಮುಂದೆ ಸಿಎಪಿ ಎನ್ನುತ್ತೇನೆ) ಸ್ಕ್ವಾಡ್ರನ್‌ಗಳಲ್ಲಿ, ರೋಗಿಗಳನ್ನು ಉಚಿತವಾಗಿ ಆಸ್ಪತ್ರೆಗೆ ಕರೆದೊಯ್ಯುವ ಗುಂಪುಗಳಲ್ಲಿ, ಮಕ್ಕಳಿಗೆ ಮೊದಲ ವಿಮಾನ ಸವಾರಿ ಮಾಡಿಸುವ ಕ್ಲಬ್‌ಗಳಲ್ಲಿ ಹಾರುವ ಕನ್ನಡಿಗರು ಈ ವೇದಿಕೆಯಲ್ಲಿ ಸಾಕಷ್ಟು ಜನ ಇದ್ದೀರಿ. ಸಣ್ಣ ಅವಘಡಗಳು ಬೆನ್ನುಬೆನ್ನಿಗೆ ಬರತೊಡಗಿದರೆ, ಅಂದರೆ ಟೈರ್ ಒಡೆಯುವುದು, ಹ್ಯಾಂಗರ್ ಬಾಗಿಲಿಗೆ ರೆಕ್ಕೆ ತಾಗುವುದು, ತೀರಾ ಕಡಿಮೆ ಇಂಧನದಲ್ಲಿ ಇಳಿಯುವುದು ಇಂಥವು, ಮೇಲಿನಿಂದ ಹಾರಾಟ ನಿಲ್ಲಿಸುವ ಆದೇಶ ಬರುತ್ತದೆ. ಆ ದಿನಗಳಲ್ಲಿ ಒಂದು ಸ್ಲೈಡ್ ಶೋ ತೋರಿಸಿ, ಹಾಜರಿ ಹಾಕಿಸಿ, ಸೋಮವಾರದಿಂದ ಮತ್ತೆ ಮೊದಲಿನಂತೆಯೇ ಹಾರಿದರೆ ಏನೂ ಬದಲಾಗುವುದಿಲ್ಲ. ಹಾಗಾಗದಂತೆ ಒಂದು ಕ್ರಮ ಕಟ್ಟೋಣ.

ದೊಡ್ಡ ಉದಾಹರಣೆ ಕಣ್ಣಮುಂದಿದೆ. 2023ರ ಮಾರ್ಚ್ 29ರಂದು ಕೆಂಟಕಿಯಲ್ಲಿ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳು ಡಿಕ್ಕಿಯಾಗಿ 9 ಸೈನಿಕರು ಸತ್ತರು. ಏಪ್ರಿಲ್ 27ರಂದು ಅಲಾಸ್ಕಾದಲ್ಲಿ ಎರಡು ಅಪಾಚೆಗಳು ಡಿಕ್ಕಿಯಾಗಿ ಇನ್ನೂ 3 ಜನ ಹೋದರು. ಮರುದಿನವೇ ಅಮೆರಿಕದ ಭೂಸೇನೆ, ತೀರಾ ಅಗತ್ಯದ ಕಾರ್ಯಾಚರಣೆಯಲ್ಲಿ ಇಲ್ಲದ ಎಲ್ಲ ಪೈಲಟ್‌ಗಳ ಹಾರಾಟ ನಿಲ್ಲಿಸಿತು. ಖಾಯಂ ತುಕಡಿಗಳು ಮೇ 1ರಿಂದ 5ರೊಳಗೆ, ನ್ಯಾಷನಲ್ ಗಾರ್ಡ್ ಮತ್ತು ರಿಸರ್ವ್ ತುಕಡಿಗಳು ಮೇ 31ರೊಳಗೆ 4ರಿಂದ 6 ಗಂಟೆಗಳ ತರಬೇತಿ ಮುಗಿಸಬೇಕಿತ್ತು. ವಾರಾಂತ್ಯಕ್ಕೆ ಮಾತ್ರ ಬರುವವರಿಗೆ ಹೆಚ್ಚು ಕಾಲ ಕೊಟ್ಟದ್ದನ್ನು ಗಮನಿಸಿ. ಪಾಠದ ವಿಷಯವನ್ನೂ ಗಮನಿಸಿ: ಅಪಾಯಕ್ಕೆ ಒಪ್ಪಿಗೆ ಕೊಡುವವರು ಯಾರು, ಬ್ರೀಫಿಂಗ್ ಹೇಗೆ ನಡೆಯಬೇಕು, ಮೆಂಟೆನೆನ್ಸ್ ತರಬೇತಿ ಹೇಗಿದೆ, ಮೇಲ್ವಿಚಾರಣೆ ಯಾರದು ಎಂಬವು ಅದರಲ್ಲಿದ್ದವು.

ನನ್ನ ಪ್ರಸ್ತಾಪ: ಒಟ್ಟು 7ರಿಂದ 10 ದಿನ. ಮೊದಲ ಎರಡು ದಿನ ಹಿಂದಿನ 12 ತಿಂಗಳ ಅವಘಡ ವರದಿ, ಸ್ಕ್ವಾಕ್ ಶೀಟ್ (ಪೈಲಟ್‌ಗಳು ವಿಮಾನದ ದೋಷ ಬರೆದಿಡುವ ಹಾಳೆ), ರದ್ದಾದ ಹಾರಾಟಗಳ ಕಾರಣ ಎಲ್ಲವನ್ನೂ ಒಂದೇ ಪಟ್ಟಿಗೆ ತರುವುದು. ಆಮೇಲೆ ಎರಡು ಗಂಟೆಯ ಎರಡು ಸಭೆ. ಕೊನೆಗೆ ಹಂತಹಂತವಾಗಿ ಹಾರಾಟಕ್ಕೆ ಮರಳುವುದು. ಈ ಕೊನೆಯ ಹಂತವೇ ಎಲ್ಲಕ್ಕಿಂತ ಮುಖ್ಯ. ಹತ್ತು ದಿನಕ್ಕಿಂತ ಹೆಚ್ಚು ನಿಲ್ಲಿಸಿದರೆ ನಿಲ್ಲಿಸಿದ್ದರಿಂದಲೇ ಹೊಸ ಅಪಾಯ ಹುಟ್ಟುತ್ತದೆ. ಇನ್‌ಸ್ಟ್ರಕ್ಟರ್‌ಗಳು, ಮೆಕ್ಯಾನಿಕ್‌ಗಳು ದಯವಿಟ್ಟು ಸೇರಿಸಿ, ತಿದ್ದಿ.

ಎಣ್ಣೆಕಡ್ಡಿ (ಎ ಅಂಡ್ ಪಿ, ಅಂದರೆ ಪರವಾನಗಿ ಪಡೆದ ವಿಮಾನ ಮೆಕ್ಯಾನಿಕ್, ಟೆಕ್ಸಾಸ್)

ಮೋಡ ಸರ್ ಹೇಳಿದ್ದು ಖರೆ ಅದ. ವಿಮಾನ ನಿಂತಷ್ಟೂ ಕೆಡ್ತದ. ಇಂಜಿನ್ ಮಾಡೋ ಲೈಕಮಿಂಗ್ ಕಂಪನಿಯ ಸರ್ವಿಸ್ ಲೆಟರ್ ಎಲ್180 ಓದ್ರಿ. 30 ದಿನಕ್ಕ ಒಮ್ಮೆಯಾದ್ರೂ ಎಣ್ಣೆಯ ಉಷ್ಣತೆ 165ರಿಂದ 200 ಡಿಗ್ರಿ ಫ್ಯಾರನ್‌ಹೀಟ್ ನಡುವ ಇಟ್ಟು ಒಂದು ತಾಸು ಸತತ ಹಾರಿಸಬೇಕು ಅಂತದ. ನೆಲದ ಮ್ಯಾಲೆ ಹತ್ತು ನಿಮಿಷ ಇಂಜಿನ್ ಚಾಲೂ ಮಾಡಿ ಬಂದ್ ಮಾಡೋದು ಇದಕ್ಕ ಬದಲಿ ಆಗೂದಿಲ್ಲ. ಎಣ್ಣೆ ಪೂರ್ತಿ ಕಾಯೂದಿಲ್ಲ, ದಹನದಿಂದ ಬಂದ ನೀರು ಎಣ್ಣಿಯೊಳಗ ಉಳೀತದ, ಕ್ಯಾಮ್‌ಶಾಫ್ಟ್ ಮತ್ತ ಲಿಫ್ಟರ್‌ಗೆ ತುಕ್ಕು ಹಿಡೀತದ. ಲೈಕಮಿಂಗ್‌ನಾಗ ಕ್ಯಾಮ್ ಮ್ಯಾಲಿನ ಭಾಗದಾಗ ಇರ್ತದ, ಎಣ್ಣೆ ಲಗೂನ ಇಳದು ಒಣಗ್ತದ. ಅದಕ್ಕ "ಇಂಜಿನ್ ಆರೋಗ್ಯಕ್ಕ" ಅಂತ ಸುಮ್ನ ಗ್ರೌಂಡ್ ರನ್ ಮಾಡಬ್ಯಾಡ್ರಿ.

ಹತ್ತು ದಿನದ ಬಿಡುವಿನಾಗ ನಾ ಮಾಡ್ಸೋದು ಇಷ್ಟು:

– ಟ್ಯಾಂಕ್ ತುಂಬಿಸಿ ಇಡ್ರಿ, ಖಾಲಿ ಜಾಗ ಇದ್ರ ಒಳಗ ನೀರು ಹನಿಗಟ್ತದ.
– ಪಿಟೋ (ವೇಗ ಅಳೆಯೋ ಗಾಳಿ ಕೊಳವಿ) ಕವರ್, ಕೌಲಿಂಗ್ (ಇಂಜಿನ್ ಮುಚ್ಚಳ) ಪ್ಲಗ್, ಕಂಟ್ರೋಲ್ ಲಾಕ್ ಹಾಕ್ರಿ. ಮಣ್ಣುಗೂಡು ಕಟ್ಟೋ ಕಣಜ ಪಿಟೋದಾಗ, ಫ್ಯೂಯಲ್ ವೆಂಟ್‌ನಾಗ ಗೂಡು ಕಟ್ಟಲಿಕ್ಕೆ ವಾರ ಬ್ಯಾಡ, ಒಂದು ಮಧ್ಯಾಹ್ನ ಸಾಕು.
– ಬಿಡುವು ಮುಗಿದ ದಿನ ಸೆಸ್ನಾ 172ಎಸ್ (ನಾಲ್ಕು ಸೀಟಿನ ಸಣ್ಣ ವಿಮಾನ) ಇದ್ರ 13 ಡ್ರೇನ್‌ನಿಂದಲೂ ಇಂಧನ ತಗದು ನೋಡ್ರಿ: ಒಂದೊಂದು ರೆಕ್ಕೆಗೆ 5, ಹೊಟ್ಟಿ ಕೆಳಗ 3. ಭಾಳ ಮಂದಿ ಹೊಟ್ಟಿ ಕೆಳಗಿನ ಮೂರು ಬಿಡ್ತಾರ.
– ಎಣ್ಣೆ 172ಎಸ್‌ಗೆ ಗರಿಷ್ಠ 8 ಕ್ವಾರ್ಟ್, 5ಕ್ಕಿಂತ ಕಡಿಮಿ ಇದ್ರ ಹಾರಬಾರ್ದು.
– ಸೀಟ್ ರೇಲು: ಪಿನ್ ತೂತಿನಾಗ ಪೂರ್ತಿ ಕೂಡ್ತದೋ ಇಲ್ಲೋ, ರೇಲಿನ ತೂತು ಸವದು ಉದ್ದ ಆಗ್ಯಾವೋ ನೋಡ್ರಿ. ಟೇಕಾಫ್‌ನಾಗ ಸೀಟು ಹಿಂದ ಜಾರಿದ್ರ ಪೈಲಟ್ ಯೋಕ್ (ಚುಕ್ಕಾಣಿ) ಹಿಡಕೊಂಡೇ ಹಿಂದ ಹೋಗ್ತಾನ, ಮೂಗು ಮ್ಯಾಲೆ ಏಳ್ತದ, ಸ್ಟಾಲ್ ಆಗ್ತದ, ಅಂದ್ರ ರೆಕ್ಕೆ ಎತ್ತೋ ಬಲ ಕಳಕೊಳ್ತದ. ಸೆಸ್ನಾಗಳಿಗೆ ಇದರ ಮ್ಯಾಲೆ ಎಡಿ 2011-10-09 (ಸರ್ಕಾರದ ಕಡ್ಡಾಯ ಸುರಕ್ಷಾ ಆದೇಶ) ಅದ.

ಇನ್ನ ಕಾಗದಪತ್ರ. ಜಿಪಿಎಸ್ ಡೇಟಾಬೇಸ್ 28 ದಿನಕ್ಕ ಬದಲಾಗ್ತದ, ಇನ್‌ಸ್ಟ್ರುಮೆಂಟ್ ಹಾರಾಟಕ್ಕ (ಹೊರಗ ನೋಡದ ಉಪಕರಣ ನೋಡಿ ಹಾರೋದು) ವಿಓಆರ್ (ರೇಡಿಯೋದಿಂದ ದಿಕ್ಕು ತೋರ್ಸೋ ಉಪಕರಣ) ಪರೀಕ್ಷೆ 30 ದಿನದೊಳಗಿಂದು ಇರಬೇಕು. ಎರಡೂ ಬಿಡುವಿನಾಗ ಸದ್ದಿಲ್ಲದ ಮುಗೀತಾವ.

ಫೈನಲ್‌ಗೆತಿರುವು (ಸಿಎಫ್‌ಐ, ಅಂದರೆ ಹಾರಾಟದ ಇನ್‌ಸ್ಟ್ರಕ್ಟರ್, ಓಹಾಯೋ)

ನಾನು ಮರಳುವ ಹಂತದ ಬಗ್ಗೆ ಬರೆಯುತ್ತೇನೆ. ಕಾನೂನಿನ ಪ್ರಕಾರ ಪ್ರಯಾಣಿಕರನ್ನು ಕರೆದೊಯ್ಯಲು 90 ದಿನದೊಳಗೆ 3 ಟೇಕಾಫ್, 3 ಲ್ಯಾಂಡಿಂಗ್ ಇದ್ದರೆ ಸಾಕು. ರಾತ್ರಿಗಾದರೆ ಆ ಮೂರೂ ಪೂರ್ತಿ ನಿಲ್ಲುವ ಲ್ಯಾಂಡಿಂಗ್ ಆಗಿರಬೇಕು, ಸೂರ್ಯಾಸ್ತದ ಒಂದು ಗಂಟೆ ನಂತರದಿಂದ ಸೂರ್ಯೋದಯದ ಒಂದು ಗಂಟೆ ಮುಂಚಿನವರೆಗಿನ ಅವಧಿಯಲ್ಲಿ ಆಗಿರಬೇಕು. 24 ತಿಂಗಳಿಗೊಮ್ಮೆ ಫ್ಲೈಟ್ ರಿವ್ಯೂ, ಅದರಲ್ಲಿ ಕನಿಷ್ಠ 1 ಗಂಟೆ ಪಾಠ, 1 ಗಂಟೆ ಹಾರಾಟ. ಸಿಎಪಿಯಲ್ಲಿ ಇದಕ್ಕಿಂತ ಬಿಗಿ, ಪ್ರತಿವರ್ಷ ಚೆಕ್‌ರೈಡ್ (ಪರೀಕ್ಷಕರ ಜೊತೆಗಿನ ಹಾರಾಟ) ಇದೆ. ಆದರೂ ಇವೆಲ್ಲ ಕನಿಷ್ಠ ಮಟ್ಟಗಳು. ತಿಂಗಳಿಗೆ ಒಂದೂವರೆ ಗಂಟೆ ಹಾರುವವರು ಲಾಗ್‌ಬುಕ್‌ನಲ್ಲಿ ಸದಾ ಅರ್ಹರಾಗಿ ಕಾಣುತ್ತಾರೆ, ಆದರೆ ಅಡ್ಡಗಾಳಿಯಲ್ಲಿ ಕೈ ನಡುಗುತ್ತದೆ.

ಬಿಡುವಿನ ನಂತರದ ಮೊದಲ ಹಾರಾಟ ಇನ್‌ಸ್ಟ್ರಕ್ಟರ್ ಜೊತೆ, ಸುಮಾರು 1.2 ಗಂಟೆ. ಪ್ರಯಾಣಿಕರಿಲ್ಲ, ಕೆಡೆಟ್‌ಗಳಿಲ್ಲ, ಮಿಷನ್ ಇಲ್ಲ. ಕ್ರಮ ಹೀಗಿರಲಿ. ನೆಲದಿಂದ 3,000 ಅಡಿಗಿಂತ ಮೇಲೆ ನಿಧಾನ ಹಾರಾಟ, ಪವರ್ ಇಲ್ಲದ ಸ್ಟಾಲ್, ಪವರ್ ಇರುವ ಸ್ಟಾಲ್, ಎರಡೂ ಕಡೆ 45 ಡಿಗ್ರಿ ತಿರುವು. ಆಮೇಲೆ ಹೊರಗೆ ಕಾಣದಂತೆ ಕಣ್ಣಿಗೆ ಹುಡ್ ಹಾಕಿಸಿ 180 ಡಿಗ್ರಿ ತಿರುವು. ಸ್ಟ್ಯಾಂಡರ್ಡ್ ರೇಟ್‌ನಲ್ಲಿ ಸೆಕೆಂಡಿಗೆ 3 ಡಿಗ್ರಿ, ಅಂದರೆ ವಾಪಸಾಗಲು ಸರಿಯಾಗಿ ಒಂದು ನಿಮಿಷ. ಆ ಒಂದು ನಿಮಿಷ ಎತ್ತರ 100 ಅಡಿಗಿಂತ ಹೆಚ್ಚು ಏರುಪೇರಾಗದೆ ತಿರುಗಬಲ್ಲರೇ ಎನ್ನುವುದೇ ನಾನು ನೋಡುವ ಮೊದಲ ಅಂಶ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಇನ್‌ಸ್ಟ್ರುಮೆಂಟ್ ತರಬೇತಿ ಇಲ್ಲದ 20 ಜನರನ್ನು ಕೃತಕ ಮೋಡದಲ್ಲಿ ಹಾರಿಸಿದಾಗ 20 ಜನರೂ ನಿಯಂತ್ರಣ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ.

ಮುಂದೆ ಇಂಜಿನ್ ನಿಂತಂತೆ ಅಭ್ಯಾಸ. 172ಎಸ್‌ನಲ್ಲಿ ಗ್ಲೈಡ್ ವೇಗ 68 ನಾಟ್, ಅದಕ್ಕೆ ತರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಣಿಸಿ. ಕೊನೆಗೆ ಐದಾರು ಲ್ಯಾಂಡಿಂಗ್, ಅದರಲ್ಲಿ ಕನಿಷ್ಠ ಎರಡು ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು). ಒಂದನ್ನು ನೆಲಕ್ಕೆ ಹತ್ತಡಿ ಇರುವಾಗ, ಮುನ್ಸೂಚನೆ ಇಲ್ಲದೆ ಹೇಳಿ.

ಬೇಸ್‌ನಿಂದ (ರನ್‌ವೇಗೆ ಅಡ್ಡಲಾದ ಹಾದಿ) ಫೈನಲ್‌ಗೆ (ರನ್‌ವೇಗೆ ನೇರವಾದ ಕೊನೆಯ ಹಾದಿ) ತಿರುಗುವಾಗಿನ ಲೆಕ್ಕವನ್ನು ಸಭೆಯಲ್ಲೇ ಬೋರ್ಡ್ ಮೇಲೆ ಬರೆಯಿರಿ. 172ಎಸ್ ಪೂರ್ಣ ಭಾರದಲ್ಲಿ, ಫ್ಲಾಪ್ ಇಲ್ಲದೆ ನೇರವಾಗಿ ಹಾರುವಾಗ 48 ನಾಟ್‌ನಲ್ಲಿ ಸ್ಟಾಲ್ ಆಗುತ್ತದೆ. 30 ಡಿಗ್ರಿ ಓರೆಯಲ್ಲಿ 52, 45ರಲ್ಲಿ 57, 60ರಲ್ಲಿ 68. ರನ್‌ವೇ ಗೆರೆ ದಾಟಿಹೋದಾಗ ಓರೆ ಹೆಚ್ಚಿಸಲು ಹೆದರಿ ರಡ್ಡರ್ ತುಳಿದು ಮೂಗು ಎಳೆಯುವುದೇ ಸ್ಪಿನ್‌ಗೆ (ಸುತ್ತುತ್ತಾ ಬೀಳುವುದಕ್ಕೆ) ದಾರಿ. ಗೆರೆ ದಾಟಿದರೆ ಸರಿಪಡಿಸಲು ಹೋಗಬೇಡಿ, ಗೋ-ಅರೌಂಡ್ ಮಾಡಿ.

ಒಂಟಿಹಕ್ಕಿ (ಮಿಷನ್ ಪೈಲಟ್, ವಾಷಿಂಗ್ಟನ್ ರಾಜ್ಯ)

ನನಗೆ ಈ ಇಡೀ ಪದ್ಧತಿಯ ಬಗ್ಗೆಯೇ ತಕರಾರಿದೆ. ಇಬ್ಬರು ತಪ್ಪು ಮಾಡಿದರೆ ಅರವತ್ತು ಜನರನ್ನು ಕೂರಿಸುವುದು ಏಕೆ? ಎರಡನೆಯದು, ವರದಿ ಮಾಡಿದ್ದರಿಂದಲೇ ಹಾರಾಟ ನಿಂತಿತು ಎಂದು ಗೊತ್ತಾದರೆ ಮುಂದಿನ ಸಲ ಯಾರೂ ವರದಿ ಮಾಡುವುದಿಲ್ಲ. ರೆಕ್ಕೆಯ ತುದಿ ಸ್ವಲ್ಪ ನೆಗ್ಗಿದ್ದರೆ ಸುಮ್ಮನೆ ಬಿಡುತ್ತಾರೆ. ಮೂರನೆಯದು, ಸಂಬಳವಿಲ್ಲದೆ ಬರುವವರಿಗೆ ಮತ್ತೊಂದು ಶನಿವಾರ ಕ್ಲಾಸ್‌ರೂಮಿನಲ್ಲಿ ಕಳೆಯಿರಿ ಎಂದರೆ ಒಳ್ಳೆಯವರೇ ಮೊದಲು ಬಿಟ್ಟುಹೋಗುತ್ತಾರೆ. ನಾಲ್ಕನೆಯದು, ಆ ವಾರವೇ ಒಂದು ವಿಮಾನ ಕಾಣೆಯಾದರೆ?

ಮುಂಗಾರುಮೋಡ

ಒಂಟಿಹಕ್ಕಿ ಅವರೇ, ಎರಡನೆಯ ಮಾತು ಬಹಳ ಸರಿ, ಅದನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ದಾರಿ: ನಿಲ್ಲಿಸುವ ಕಾರಣ ಒಂದು ಘಟನೆ ಎಂದು ಎಂದೂ ಬರೆಯಬಾರದು, ಒಂದು ವಿಧದ ಘಟನೆ ಎಂದು ಬರೆಯಬೇಕು. "12 ತಿಂಗಳಲ್ಲಿ ನೆಲದ ಮೇಲೆ ವಿಮಾನ ತಳ್ಳುವಾಗ ಆದ ಹಾನಿ" ಎಂದರೆ ಯಾರ ಹೆಸರೂ ಬರುವುದಿಲ್ಲ, ಪ್ರಶ್ನೆ ಮಾತ್ರ ನಿಲ್ಲುತ್ತದೆ. ಆದೇಶದಲ್ಲೇ ವರದಿ ಮಾಡಿದವರಿಗೆ ಶಿಸ್ತುಕ್ರಮ ಇಲ್ಲ ಎಂದು ಬರೆಯಬೇಕು, ಹಾಗೆಯೇ ನಡೆಸಿಕೊಳ್ಳಬೇಕು.

ಮೊದಲನೆಯದಕ್ಕೆ ನನ್ನ ಉತ್ತರ: ಅವಘಡ ಒಬ್ಬರದಾದರೂ ಆ ದಿನ ಹಾರಾಟಕ್ಕೆ ಹೂಂ ಎಂದವರು ಬೇರೆಯವರು, ವಿಮಾನ ಕೊಟ್ಟವರು ಬೇರೆಯವರು, ಬ್ರೀಫಿಂಗ್ ಮೊಟಕು ಮಾಡಿದವರು ಬೇರೆಯವರು. ಈ ಸರಪಳಿಯ ಎಲ್ಲರೂ ಒಂದೇ ಕೋಣೆಯಲ್ಲಿ ಕೂರದೆ ಸರಿಯಾಗುವುದಿಲ್ಲ. ಒಬ್ಬರನ್ನೇ ನಿಲ್ಲಿಸಿದರೆ ಉಳಿದವರು ನಮ್ಮದೇನೂ ಇಲ್ಲ ಎಂದುಕೊಳ್ಳುತ್ತಾರೆ.

ಕಾಣೆಯಾದ ವಿಮಾನದ ಪ್ರಶ್ನೆಗೆ ಆದೇಶದಲ್ಲೇ ವಿನಾಯಿತಿ ಇರಬೇಕು. ಜೀವ ಉಳಿಸುವ ನಿಜವಾದ ಹುಡುಕಾಟ ಮಾತ್ರ. ಒಪ್ಪಿಗೆ ಸ್ಕ್ವಾಡ್ರನ್‌ಗಿಂತ ಒಂದು ಹಂತ ಮೇಲಿನವರಿಂದ. ಮುಂದಿನ ಎರಡೂ ಸೀಟಿನಲ್ಲಿ ಅರ್ಹ ಪೈಲಟ್‌ಗಳು. ಸಾಧ್ಯವಾದರೆ ಪಕ್ಕದ ಘಟಕಕ್ಕೆ ಮೊದಲೇ ಹೇಳಿಟ್ಟು ಅವರಿಗೆ ಒಪ್ಪಿಸುವುದು. ವಿನಾಯಿತಿ ಪಟ್ಟಿ ಒಂದು ಸಾಲಿಗಿಂತ ಉದ್ದ ಇರಕೂಡದು, ಇಲ್ಲದಿದ್ದರೆ ಫೋಟೊ ಅಭ್ಯಾಸವೂ ತುರ್ತು ಎನ್ನಿಸಿಕೊಳ್ಳುತ್ತದೆ.

ತೂಗುತಕ್ಕಡಿ (ಫ್ಲೈಟ್ ರಿಲೀಸ್ ಆಫೀಸರ್)

ಮೋಡ ಸರ್ ಹೇಳಿದ ಸರಪಳಿಯಲ್ಲಿ ನನ್ನ ಕೊಂಡಿ ಫೋನ್ ಕರೆ. ಸಿಎಪಿಯಲ್ಲಿ ಪೈಲಟ್ ತಾನೇ ತೀರ್ಮಾನಿಸಿ ಹೊರಡುವಂತಿಲ್ಲ, ರಿಲೀಸ್ ಆಫೀಸರ್ ಕೇಳಿ ಬಿಡುಗಡೆ ಮಾಡಬೇಕು. ಈ ವ್ಯವಸ್ಥೆ ಇಲ್ಲದ ಗುಂಪುಗಳು ಬಿಡುವಿನಲ್ಲಿ ಮಾಡಬೇಕಾದ ಒಂದೇ ಒಂದು ಕೆಲಸ ಇದು: ಇಂಥ ಒಬ್ಬರನ್ನು ನೇಮಿಸಿ. ವ್ಯವಸ್ಥೆ ಇರುವ ಕಡೆ ಕೆಡುವುದು ಹೇಗೆಂದರೆ, ಕರೆ ನಲವತ್ತು ಸೆಕೆಂಡಿಗೆ ಇಳಿಯುತ್ತದೆ. "ಎಲ್ಲ ಸರಿಯಿದೆಯಾ?" "ಸರಿಯಿದೆ." "ಸರಿ, ಬಿಡುಗಡೆ."

ಹೌದು-ಇಲ್ಲ ಉತ್ತರ ಬರುವ ಪ್ರಶ್ನೆಗಳನ್ನು ಕೈಬಿಡಿ. ಸಂಖ್ಯೆ ಬರುವ ಪ್ರಶ್ನೆ ಕೇಳಿ:

"ಇಳಿಯುವಾಗ ಎಷ್ಟು ಗ್ಯಾಲನ್ ಉಳಿದಿರುತ್ತದೆ?"
"ನಿನ್ನೆ ರಾತ್ರಿ ಎಷ್ಟು ಗಂಟೆ ನಿದ್ದೆ ಆಯಿತು?"
"ಅಲ್ಲಿ ಅಡ್ಡಗಾಳಿ ಎಷ್ಟು ನಾಟ್, ನಿಮ್ಮ ಮಿತಿ ಎಷ್ಟು?"
"ಮೋಡದ ತಳ ಎಷ್ಟು ಅಡಿಗೆ ಬಂದರೆ ವಾಪಸು ತಿರುಗುತ್ತೀರಿ?"
"ಟೇಕಾಫ್ ತೂಕ ಎಷ್ಟು, ಮಿತಿಗಿಂತ ಎಷ್ಟು ಕಡಿಮೆ?"
"ಈ ವಿಮಾನದಲ್ಲಿ ಕೊನೆಯ ಬಾರಿ ಇಳಿದದ್ದು ಯಾವ ತಾರೀಕು?"

ಉತ್ತರಕ್ಕೆ ತಡವರಿಸಿದರೆ ಅಲ್ಲಿಗೇ ನಿಲ್ಲಿಸಿ, ಲೆಕ್ಕ ಮಾಡಿ ಮತ್ತೆ ಕರೆ ಮಾಡಿ ಎನ್ನಿ. ರಿಲೀಸ್ ಆಫೀಸರ್ ಅದೇ ಪೈಲಟ್‌ನ ಆಪ್ತ ಗೆಳೆಯ ಆಗಿರಬಾರದು, ಅದೇ ಹಾರಾಟದ ಸಿಬ್ಬಂದಿಯಂತೂ ಆಗಲೇಬಾರದು. ಬೇಡ ಎಂದದ್ದಕ್ಕೆ ಕಾರಣ ಕೇಳುವ ಹಕ್ಕು ಪೈಲಟ್‌ಗೆ ಇದೆ, ಆದರೆ ಇನ್ನೊಬ್ಬ ರಿಲೀಸ್ ಆಫೀಸರ್‌ಗೆ ಫೋನ್ ಮಾಡಿ ಹೂಂ ಎನ್ನಿಸಿಕೊಳ್ಳುವ ಹಕ್ಕಿಲ್ಲ. ಬಿಡುವಿನ ಸಭೆಯಲ್ಲಿ ಈ ನಿಯಮವನ್ನು ಬರೆದು ಎಲ್ಲರ ಸಹಿ ಹಾಕಿಸಿ. ಎರಡನೇ ಸಭೆಯ ಒಂದು ಗಂಟೆ ಪೂರ್ತಿ ಈ ಕರೆಗಳ ಅಭ್ಯಾಸಕ್ಕೇ ಇಡಿ. ಜೋಡಿಜೋಡಿಯಾಗಿ ಕೂತು ಒಬ್ಬರು ಕೇಳಲಿ, ಒಬ್ಬರು ಉತ್ತರಿಸಲಿ.

ದಕ್ಷಿಣದಗಾಳಿ (ರೋಗಿ ಸಾಗಣೆ ಹಾರಾಟಗಳ ಸಂಯೋಜಕಿ, ಮೆಲ್ಬರ್ನ್)

ರೋಗಿಗಳನ್ನು ಕರೆದೊಯ್ಯುವವರಿಗೆ ಇನ್ನೊಂದು ಭಾರ ಇದೆ: ಆಸ್ಪತ್ರೆಯ ಅಪಾಯಿಂಟ್‌ಮೆಂಟ್. 2017ರ ಜೂನ್ 28ರಂದು ದಕ್ಷಿಣ ಆಸ್ಟ್ರೇಲಿಯಾದ ಮೌಂಟ್ ಗ್ಯಾಂಬಿಯರ್‌ನಿಂದ ರೋಗಿಗಳಿಗೆ ಉಚಿತ ಹಾರಾಟ ಒದಗಿಸುವ ಏಂಜಲ್ ಫ್ಲೈಟ್ ಸಂಸ್ಥೆ ಏರ್ಪಡಿಸಿದ್ದ ಸೊಕಾಟಾ ಟಿಬಿ10 ವಿಮಾನ ತಗ್ಗು ಮೋಡದ ನಡುವೆಯೇ ಹೊರಟು ಸುಮಾರು 70 ಸೆಕೆಂಡಿನಲ್ಲಿ ನೆಲಕ್ಕಪ್ಪಳಿಸಿತು, ಮೂವರೂ ಸತ್ತರು. 2011ರ ಆಗಸ್ಟ್‌ನಲ್ಲಿ ವಿಕ್ಟೋರಿಯಾದ ಹಾರ್ಶಮ್ ಬಳಿ ಕತ್ತಲಾದ ಮೇಲೆ ಇನ್ನೊಂದು ವಿಮಾನ ಬಿದ್ದಿತ್ತು. 2019ರಲ್ಲಿ ಬಂದ ತನಿಖಾ ವರದಿ, ಪ್ರಯಾಣಿಕರಿದ್ದ ಈ ಹಾರಾಟಗಳಲ್ಲಿ ಮಾರಕ ಅಪಘಾತದ ಪ್ರಮಾಣ ಇತರ ಖಾಸಗಿ ಹಾರಾಟಗಳಿಗಿಂತ ಏಳು ಪಟ್ಟಿಗೂ ಹೆಚ್ಚು ಎಂದಿತು. ಇಲ್ಲಿನ ನಿಯಂತ್ರಕರು ಅದೇ ವರ್ಷ ಇಂಥ ಹಾರಾಟದ ಪೈಲಟ್‌ಗಳಿಗೆ ಕನಿಷ್ಠ ಅನುಭವ, 30 ದಿನದೊಳಗಿನ ಲ್ಯಾಂಡಿಂಗ್, ಬಿಗಿ ಮೆಂಟೆನೆನ್ಸ್ ಇತ್ಯಾದಿ ಷರತ್ತು ತಂದರು.

ಅಮೆರಿಕದಲ್ಲೂ 2008ರ ಆಗಸ್ಟ್ 12ರಂದು ಮ್ಯಾಸಚೂಸೆಟ್ಸ್‌ನ ಈಸ್ಟನ್‌ನಲ್ಲಿ ಒಂದು ಬೊನಾಂಜಾ ವಿಮಾನ ಬಿದ್ದು ಮೂವರು ಸತ್ತಿದ್ದರು. ಅಂಥ ಕೆಲವು ಅಪಘಾತಗಳ ನಂತರ 2010ರಲ್ಲಿ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ, ಪೈಲಟ್ ಅರ್ಹತೆಯನ್ನು ಪ್ರತಿ ಹಾರಾಟಕ್ಕೂ ಮುಂಚೆ ಪರಿಶೀಲಿಸಿ, ಇದು ವಾಣಿಜ್ಯ ವಿಮಾನದ ಮಟ್ಟದ ನಿಯಮಕ್ಕೆ ಒಳಪಟ್ಟಿಲ್ಲ ಎಂದು ರೋಗಿಗೆ ತಿಳಿಸಿ ಎಂದಿತ್ತು.

ಇದರಿಂದ ಬಿಡುವಿನಲ್ಲಿ ಮಾಡಬೇಕಾದದ್ದು: ರೋಗಿಯನ್ನು ಒಪ್ಪಿಕೊಳ್ಳುವ ಹೊತ್ತಿಗೇ ಎರಡನೇ ದಾರಿಯನ್ನು ಕೊಟ್ಟುಬಿಡಿ. ವಿಮಾನ ಬರದಿದ್ದರೆ ಬಸ್ಸೋ, ರೈಲೋ, ವಾಣಿಜ್ಯ ವಿಮಾನದ ಟಿಕೆಟ್ಟೋ, ಖರ್ಚು ಸಂಸ್ಥೆಯದ್ದು. ಪೈಲಟ್ ರದ್ದು ಮಾಡಿದ ಕೂಡಲೇ ರೋಗಿಗೆ ಫೋನ್ ಮಾಡುವವರು ಸಂಯೋಜಕರು, ಪೈಲಟ್ ಅಲ್ಲ. ಕೀಮೋಗೆ ಹೊರಟ ಮಗುವಿನ ತಾಯಿಯ ಎದುರು ನಿಂತು "ಇವತ್ತು ಆಗಲ್ಲಮ್ಮ" ಎನ್ನುವ ಕೆಲಸವನ್ನು ಪೈಲಟ್ ಮೇಲೆ ಹೊರಿಸಿದರೆ ಅವರು ಮೋಡದ ತಳವನ್ನು ಐನೂರು ಅಡಿ ಎತ್ತರಿಸಿ ನೋಡುತ್ತಾರೆ. ಒಳ್ಳೆಯ ಮನಸ್ಸಿನವರಿಗೇ ಈ ಒತ್ತಡ ಹೆಚ್ಚು.

ಜಕ್ಕೂರುಹುಡುಗ

ಎಲ್ಲರಿಗೂ ನಮಸ್ಕಾರ, ಬೆಂಗಳೂರಿನಿಂದ. ಇಲ್ಲಿ ಎನ್‌ಸಿಸಿ ಏರ್ ವಿಂಗ್ ಕೆಡೆಟ್‌ಗಳನ್ನು ಮೈಕ್ರೋಲೈಟ್‌ನಲ್ಲಿ ಹಾರಿಸುವವರು ವಾಯುಪಡೆಯ ಅಧಿಕಾರಿಗಳು, ಹಾಗಾಗಿ ನಿಲ್ಲಿಸು ಎಂದರೆ ನಿಲ್ಲುತ್ತದೆ. ಸ್ವಯಂಸೇವಕರಿಗೆ ಆದೇಶ ಹೇಗೆ ನಾಟುತ್ತದೆ? ಇನ್ನೊಂದು ಪ್ರಶ್ನೆ: ತೂಕದ ಲೆಕ್ಕಕ್ಕೆ ಅಲ್ಲಿ ಅಷ್ಟು ಒತ್ತು ಕೊಡುತ್ತೀರಲ್ಲ, ನಾಲ್ಕು ಸೀಟಿನ ವಿಮಾನದಲ್ಲಿ ಮೂವರೇ ಕೂತರೂ ಸಮಸ್ಯೆಯೇ?

ತೂಗುತಕ್ಕಡಿ

ಆದೇಶಕ್ಕೆ ಬಲ ಬರುವುದು ವಿಮಾನ ಸಂಸ್ಥೆಯದ್ದಾಗಿರುವುದರಿಂದ. ಸಿಎಪಿಯ 500ಕ್ಕೂ ಹೆಚ್ಚು ವಿಮಾನಗಳು ಅದರದ್ದೇ, ಬಿಡುಗಡೆ ಕೊಡದಿದ್ದರೆ ಹಾರಾಟ ಇಲ್ಲ. ಸದಸ್ಯರು ತಮ್ಮದೇ ವಿಮಾನ ತರುವ ಗುಂಪುಗಳಲ್ಲಿ ಸಂಸ್ಥೆಯ ಹೆಸರಿನ ಹಾರಾಟವನ್ನು ಮಾತ್ರ ನಿಲ್ಲಿಸಬಹುದು.

ತೂಕದ್ದು ಹೇಳುತ್ತೇನೆ, ಲೆಕ್ಕ ಹಾಕಿ ನೋಡಪ್ಪ. 172ಎಸ್‌ನ ಗರಿಷ್ಠ ತೂಕ 2,550 ಪೌಂಡ್. ಜಿ1000 (ಪರದೆಯ ಡಿಜಿಟಲ್ ಉಪಕರಣ ಫಲಕ) ಇರುವ ವಿಮಾನದ ಖಾಲಿ ತೂಕ ಕಳೆದರೆ ಸುಮಾರು 870 ಪೌಂಡ್ ಉಳಿಯುತ್ತದೆ ಎಂದಿಟ್ಟುಕೋ. ಬಳಸಬಹುದಾದ ಇಂಧನ 53 ಗ್ಯಾಲನ್, ಗ್ಯಾಲನ್‌ಗೆ 6 ಪೌಂಡ್‌ನಂತೆ 318. ಉಳಿದದ್ದು 552. ತಲಾ 190 ಪೌಂಡಿನ ಮೂವರು ಎಂದರೆ 570. ಬ್ಯಾಗ್, ಕ್ಯಾಮೆರಾ ಇಡುವ ಮುಂಚೆಯೇ 18 ಪೌಂಡ್ ಹೆಚ್ಚಾಯಿತು. ಹಾಗಾಗಿ ಇಂಧನ ಇಳಿಸಬೇಕು, ಆಗ ಹಾರಾಟದ ಅವಧಿಯೂ ಇಳಿಯುತ್ತದೆ. ಹಗಲಲ್ಲಿ ಕಾನೂನಿನ ಮೀಸಲು 30 ನಿಮಿಷ, ರಾತ್ರಿ 45. ನಮ್ಮ ಸಭೆಗಳಲ್ಲಿ ಒಂದು ಗಂಟೆಯ ಮೀಸಲೇ ಕನಿಷ್ಠ ಎಂದು ಬರೆಸಿ.

ಎತ್ತರದ ಊರಲ್ಲಿ ಇದರ ಮೇಲೆ ಬಿಸಿಲೂ ಸೇರುತ್ತದೆ. ಡೆನ್ವರ್‌ನ ಸೆಂಟೆನಿಯಲ್ ನಿಲ್ದಾಣ 5,885 ಅಡಿ ಎತ್ತರದಲ್ಲಿದೆ, ಅಲ್ಲಿ ಪ್ರಮಾಣಿತ ಉಷ್ಣತೆ ಸುಮಾರು 3 ಡಿಗ್ರಿ ಸೆಲ್ಸಿಯಸ್. 32 ಡಿಗ್ರಿ ಬಿಸಿಲಿದ್ದರೆ ವ್ಯತ್ಯಾಸ 29. ಡಿಗ್ರಿಗೆ 120 ಅಡಿಯಂತೆ ಸುಮಾರು 3,500 ಅಡಿ ಕೂಡಿಸು. ಇಂಜಿನ್‌ಗೆ, ರೆಕ್ಕೆಗೆ ಅದು 9,300 ಅಡಿಗಿಂತ ಮೇಲಿನ ಗಾಳಿ.

ಎಣ್ಣೆಕಡ್ಡಿ

ಹಾರೋದು ಬಿಡ್ರಿ, ನೆಲದ ಮ್ಯಾಲೆ ಆಗೋ ಹಾನಿ ಬಗ್ಗೆ ಯಾರೂ ಮಾತಾಡವಲ್ರು. ಸ್ವಯಂಸೇವಕರ ವಿಮಾನ ನನ್ನ ಅಂಗಡಿಗೆ ಬರೋದು ಹೆಚ್ಚಾಗಿ ಅದರಿಂದಲೇ.

ಟೋ ಬಾರ್ (ವಿಮಾನ ಕೈಯಿಂದ ಎಳೆಯೋ ಹಿಡಿ): ಕೈ ಬಿಟ್ಟ ಕೂಡಲೇ ಮೂಗಿನಿಂದ ತಗದು ಇಡಬೇಕು, ಆಮೇಲೆ ತಗೀತೀನಿ ಅನ್ನೋ ಮಾತೇ ಬ್ಯಾಡ. ಟೋ ಬಾರ್ ಸಿಕ್ಕಿಸಿದಂಗ ಸ್ಟಾರ್ಟ್ ಮಾಡಿದ್ರ ಪ್ರೊಪೆಲ್ಲರ್ ಬಡೀತದ. ಪ್ರೊಪೆಲ್ಲರ್ ಬಡದ್ರ ಬ್ಲೇಡ್ ಅಷ್ಟೇ ಅಲ್ರಿ, ಲೈಕಮಿಂಗ್‌ನಾಗ ಸರ್ವಿಸ್ ಬುಲೆಟಿನ್ 533 ಮತ್ತ ಎಡಿ 2004-10-14 ಪ್ರಕಾರ ಕ್ರ್ಯಾಂಕ್‌ಶಾಫ್ಟ್ ಗೇರು ಬಿಚ್ಚಿ ನೋಡಬೇಕು. ತಿಂಗಳುಗಟ್ಟಲೆ ವಿಮಾನ ಕೂಡ್ತದ.

ಮೂಗಿನ ಚಕ್ರ ನೆಟ್ಟಗಿದ್ದಲ್ಲಿಂದ ಯಾವ ಕಡೆಗೂ 30 ಡಿಗ್ರಿಗಿಂತ ಹೆಚ್ಚು ತಿರುಗಿಸಬ್ಯಾಡ್ರಿ, ಸ್ಟೀರಿಂಗ್ ಸ್ಟಾಪ್ ಮುರೀತದ. ಹ್ಯಾಂಗರ್ ಒಳಗ ಹಾಕುವಾಗ ಒಂದೊಂದು ರೆಕ್ಕೆ ತುದಿಗೆ ಒಬ್ಬರು, ಬಾಲಕ್ಕ ಒಬ್ಬರು. ಮೂವರಲ್ಲಿ ಯಾರು "ನಿಲ್ಲು" ಅಂದ್ರೂ ನಿಲ್ಲಬೇಕು. ಜನ ಇಲ್ಲಂದ್ರ ಹೊರಗ ಕಟ್ಟಿ ಹೋಗ್ರಿ.

ಇನ್ನ ಸೆಸ್ನಾ 182. ಮುಂದ ಇಬ್ಬರೇ ಕೂತು ಹಿಂದ ಯಾರೂ ಇಲ್ಲಂದ್ರ ಭಾರವೆಲ್ಲ ಮುಂದ ಬರ್ತದ. ಫ್ಲೇರ್ (ನೆಲ ಮುಟ್ಟೋ ಮುಂಚೆ ಮೂಗು ಎತ್ತೋದು) ಸಾಲದೇ ಮೂಗಿನ ಚಕ್ರದ ಮ್ಯಾಲೆ ಇಳದ್ರ ಫೈರ್‌ವಾಲ್ (ಇಂಜಿನ್ ಹಿಂದಿನ ತಗಡಿನ ಗೋಡೆ) ಸುಕ್ಕಾಗ್ತದ. ಗಟ್ಟಿ ಲ್ಯಾಂಡಿಂಗ್ ಆದ್ರ ಕೌಲಿಂಗ್ ತಗಸಿ ಫೈರ್‌ವಾಲ್ ಕೆಳಭಾಗದ ರಿವೆಟ್, ಸುಕ್ಕು ನೋಡಿಸ್ರಿ. ಮುಂದಿನವರಿಗೆ ಹೇಳದ ಬಿಟ್ಟು ಹೋಗಬ್ಯಾಡ್ರಿ.

ಫೈನಲ್‌ಗೆತಿರುವು

ಎಣ್ಣೆಕಡ್ಡಿ ಅವರ 182 ಮಾತಿಗೆ ಕೈಯ ಪಾಠ ಸೇರಿಸುತ್ತೇನೆ. ಪೂರ್ತಿ ಫ್ಲಾಪ್‌ನಲ್ಲಿ ಫೈನಲ್ ವೇಗ 60ರಿಂದ 70 ನಾಟ್. 80ರಲ್ಲಿ ಬಂದರೆ ತೇಲುತ್ತದೆ, ಪೈಲಟ್ ಬೇಸತ್ತು ಮೂಗು ಒತ್ತುತ್ತಾರೆ, ಪುಟಿಯುತ್ತದೆ. ಟ್ರಿಮ್ (ಯೋಕ್ ಮೇಲಿನ ಒತ್ತಡ ಇಳಿಸುವ ಚಕ್ರ) ಅನ್ನು ಮೂಗು ಮೇಲಕ್ಕೆ ಹಾಕಿಕೊಳ್ಳಿ, ಫ್ಲೇರ್ ಮುಗಿಯುವವರೆಗೂ ಸ್ವಲ್ಪ ಪವರ್ ಇಟ್ಟುಕೊಳ್ಳಿ. ಪುಟಿದರೆ ಮೊದಲ ಪುಟಿತಕ್ಕೇ ಗೋ-ಅರೌಂಡ್. ಎರಡನೆಯದನ್ನು ಕೈಯಿಂದ ಸರಿಮಾಡಲು ಹೊರಟವರು ಮೂರನೆಯದರಲ್ಲಿ ಮೂಗಿನ ಗೇರ್ ಮುರಿಯುತ್ತಾರೆ.

ಅಡ್ಡಗಾಳಿಗೆ ತಲೆಯಲ್ಲೇ ಮಾಡಬಹುದಾದ ಲೆಕ್ಕ: ರನ್‌ವೇಗೆ 30 ಡಿಗ್ರಿ ಕೋನದಲ್ಲಿದ್ದರೆ ಗಾಳಿಯ ಅರ್ಧ, 45 ಇದ್ದರೆ ಹತ್ತರಲ್ಲಿ ಏಳು ಪಾಲು, 60 ಇದ್ದರೆ ಹತ್ತರಲ್ಲಿ ಒಂಬತ್ತು ಪಾಲು. 172, 182 ಎರಡರ ಪುಸ್ತಕದಲ್ಲೂ ತೋರಿಸಿರುವುದು 15 ನಾಟ್, ಅದೂ ಕಾರ್ಖಾನೆಯ ಪರೀಕ್ಷಾ ಪೈಲಟ್ ತೋರಿಸಿದ್ದು. ಮರಳಿದ ಮೊದಲ 30 ದಿನ 8 ನಾಟ್‌ಗೆ ನಿಲ್ಲಿಸಿ. ಕಾನೂನಿನ ಕನಿಷ್ಠ ದೃಷ್ಟಿಗೋಚರತೆ 3 ಮೈಲಿ ಇದ್ದರೂ 5 ಮೈಲಿ ಇಟ್ಟುಕೊಳ್ಳಿ, ಮೋಡದ ತಳ 3,000 ಅಡಿ ಇರಲಿ.

ಒಂಟಿಹಕ್ಕಿ

ನನ್ನ ತಕರಾರು ಅರ್ಧ ಇಳಿಯಿತು. ಬಿಡುವಿನ ಹೆಸರಿನಲ್ಲಿ ಉಪನ್ಯಾಸ ಬೇಡ, ಇಂಥ ಕೆಲಸವಾದರೆ ಶನಿವಾರ ಕೊಡಬಹುದು. ಆದರೆ ಬಿಡುವು ಫಲ ಕೊಟ್ಟಿತೋ ಇಲ್ಲವೋ ಅಳೆಯುವುದು ಹೇಗೆ? ಮೂರು ತಿಂಗಳು ಅವಘಡ ಆಗಲಿಲ್ಲ ಎನ್ನುವುದು ಲೆಕ್ಕವಲ್ಲ, ಹಾರಿದ ಗಂಟೆ ಕಡಿಮೆಯಾದ್ದರಿಂದಲೂ ಹಾಗಾಗಿರಬಹುದು.

ಮುಂಗಾರುಮೋಡ

ಸರಿಯಾದ ಪ್ರಶ್ನೆ. ನಾನು ನಾಲ್ಕನ್ನು ಎಣಿಸುತ್ತೇನೆ, ಬಿಡುವಿನ ಮುಂಚಿನ 90 ದಿನಕ್ಕೂ ನಂತರದ 90 ದಿನಕ್ಕೂ, ಎಲ್ಲವನ್ನೂ 100 ಹಾರಾಟದ ಗಂಟೆಗೆ ಇಳಿಸಿ: ಹೊರಡುವ ಮುಂಚೆ ಪೈಲಟ್ ತಾನಾಗಿ ರದ್ದು ಮಾಡಿದ ಹಾರಾಟಗಳು, ಗೋ-ಅರೌಂಡ್‌ಗಳು, ಹಾನಿಯಾಗದಿದ್ದರೂ ಬಂದ ವರದಿಗಳು, ರಿಲೀಸ್ ಆಫೀಸರ್ ಬೇಡ ಎಂದ ಕರೆಗಳು. ಈ ನಾಲ್ಕೂ ಮೊದಲ ತಿಂಗಳು ಏರಬೇಕು. ಏರದಿದ್ದರೆ ಸಭೆಯಲ್ಲಿ ತಲೆಯಾಡಿಸಿದರು, ಅಭ್ಯಾಸ ಬದಲಾಗಲಿಲ್ಲ ಎಂದರ್ಥ. ವರದಿಗಳು ಏರಿದ್ದನ್ನು ನೋಡಿ ಮೇಲಿನವರು ಗಾಬರಿಯಾಗಿ ಮತ್ತೆ ನಿಲ್ಲಿಸಬಾರದು, ಅದನ್ನು ಅವರಿಗೆ ಮೊದಲೇ ಹೇಳಿಡಿ.

ನಮ್ಮವರಲ್ಲಿ ಹಲವರು ನಾಸಾ ನಡೆಸುವ ಎಎಸ್‌ಆರ್‌ಎಸ್ ಎಂಬ ಸುರಕ್ಷತಾ ವರದಿ ವ್ಯವಸ್ಥೆ ಬಳಸುವುದಿಲ್ಲ. 1976ರಿಂದ ಇದೆ, ಹೆಸರು ತೆಗೆದುಹಾಕುತ್ತಾರೆ. ಉದ್ದೇಶಪೂರ್ವಕವಲ್ಲದ ನಿಯಮಭಂಗವನ್ನು 10 ದಿನದೊಳಗೆ ಬರೆದರೆ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ದಂಡದಿಂದ ರಕ್ಷಣೆ ಸಿಗಬಹುದು. ಅಪಘಾತ ಮತ್ತು ಅಪರಾಧಕ್ಕೆ ಆ ರಕ್ಷಣೆ ಇಲ್ಲ. ಆ ಫಾರ್ಮ್ ಅನ್ನು ಎರಡನೇ ಸಭೆಯ ಕೊನೆಯ ಕಾಲು ಗಂಟೆಯಲ್ಲಿ ಎಲ್ಲರೂ ಒಮ್ಮೆ ತೆರೆದು ನೋಡಲಿ.

ದಕ್ಷಿಣದಗಾಳಿ

ಒಂದು ಮಾತು ಬಿಟ್ಟುಹೋಯಿತು. ನಮ್ಮ ಗುಂಪುಗಳಲ್ಲಿ ಹಿರಿಯರೇ ಹೆಚ್ಚು. ಅನುಭವ ದೊಡ್ಡದು, ಹಾಗಾಗಿ ಅವರನ್ನು ಯಾರೂ ಪ್ರಶ್ನಿಸುವುದಿಲ್ಲ. ಮಾತ್ರೆ ಬದಲಾದದ್ದು, ಕಣ್ಣಿನ ಪೊರೆ, ರಾತ್ರಿ ದೃಷ್ಟಿ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವುಗಳನ್ನು ಬಿಡುವಿನ ಹೊತ್ತಿನಲ್ಲಿ ಒಬ್ಬೊಬ್ಬರ ಬಳಿ ಪ್ರತ್ಯೇಕವಾಗಿ ಕೂತು ಕೇಳುವುದು ಹೇಗೆ ಸರ್? ಸಭೆಯಲ್ಲಿ ಕೇಳಿದರೆ ಯಾರೂ ಬಾಯಿಬಿಡುವುದಿಲ್ಲ.

ಮುಂಗಾರುಮೋಡ

ಮೇಡಂ, ಕಮಾಂಡರ್ ಕೇಳಬಾರದು. ಅದೇ ವಯಸ್ಸಿನ, ಅವರು ಗೌರವಿಸುವ ಒಬ್ಬ ಇನ್‌ಸ್ಟ್ರಕ್ಟರ್ ಕೇಳಲಿ, ಏನನ್ನೂ ಬರೆದುಕೊಳ್ಳದೆ. ಜೊತೆಗೆ ಬೇರೆ ಜವಾಬ್ದಾರಿ ಕೈಯಲ್ಲಿಟ್ಟುಕೊಂಡೇ ಹೋಗಲಿ: ರಿಲೀಸ್ ಆಫೀಸರ್, ಮಿಷನ್ ಬೇಸ್‌ನ ಮೇಲ್ವಿಚಾರಣೆ, ಹೊಸಬರಿಗೆ ನಕ್ಷೆ ಪಾಠ, ಬಲಸೀಟಿನ ಅಬ್ಸರ್ವರ್. ಎಡಸೀಟು (ಪೈಲಟ್ ಸೀಟು) ಬಿಟ್ಟುಕೊಟ್ಟರೆ ಗುಂಪಿನಿಂದಲೇ ಹೊರಗಾಗುತ್ತೇನೆ ಎಂಬ ಭಯ ಇದ್ದಷ್ಟು ಕಾಲ ಯಾರೂ ಮಾತ್ರೆಯ ಹೆಸರು ಹೇಳುವುದಿಲ್ಲ.

ಇಲ್ಲಿಯವರೆಗಿನದನ್ನು ಒಂದು ಪುಟದ ಚೆಕ್‌ಲಿಸ್ಟ್ ಮಾಡಿ ಈ ಎಳೆಯಲ್ಲೇ ಹಾಕುತ್ತೇನೆ. ಎಣ್ಣೆಕಡ್ಡಿ ಅವರೇ, 182ರ ಡ್ರೇನ್‌ಗಳ ಸಂಖ್ಯೆ ಮತ್ತು ಎಣ್ಣೆಯ ಮಿತಿಯನ್ನು ನಿಮ್ಮಲ್ಲಿರುವ ವಿಮಾನದ ಪುಸ್ತಕ ನೋಡಿ ಸೇರಿಸಿಕೊಡಿ, ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ.